ಮೆಂತ್ಯ ಸೊಪ್ಪು, ಸೌತೆಕಾಯಿಯ ಹಸಿ ಪಚಡಿ: ಯಾರು ತಿನ್ನಬಹುದು, ಯಾರು ಎಚ್ಚರ ವಹಿಸಬೇಕು?

ನಾಸಿಕ್ ಬಳಿಯ ಓಝರ್‌ನಲ್ಲಿ 1964ರಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆ ಆರಂಭವಾಯಿತು. ಇಂಥ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮರಾಠಿಯ ಕೋಶಿಂಬೀರ್ ಹೊಸದಲ್ಲ. ಅದು ನಮ್ಮ ಕೋಸಂಬರಿಯ ನೆಂಟ. ಜೋಳದ ರೊಟ್ಟಿಯ ಜೊತೆಗಿನ ಉತ್ತರ ಕರ್ನಾಟಕದ ಮೆಂತ್ಯದ ಪಚಡಿಯೂ ಇದೇ ಬಳಗದ್ದು. ಬೆಂಕಿ ಹೆಚ್ಚು ಬೇಡ, ಎಣ್ಣೆ ಕಡಿಮೆ, ನಾರು ಹೆಚ್ಚು. ಆದರೆ ಮನೆಯಲ್ಲಿ ರೋಗಿಗಳಿದ್ದರೆ ಕೆಲವು ವಿಷಯ ತಿಳಿದಿರಬೇಕು.

ಏಕೆ ಒಳ್ಳೆಯದು?

ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕು, ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೊಪ್ಪಿನಲ್ಲಿ ನಾರು, ಫೋಲೇಟ್, ಕಬ್ಬಿಣ ಇವೆ. ನಿಂಬೆರಸದ ವಿಟಮಿನ್ ಸಿ ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಒಗ್ಗರಣೆಯ ಸ್ವಲ್ಪ ಎಣ್ಣೆ ವಿಟಮಿನ್ ಎ, ಕೆ ದೇಹಕ್ಕೆ ಸೇರಲು ಬೇಕು.

ಬೇಕಾಗುವ ಪದಾರ್ಥಗಳು (4 ಜನರಿಗೆ)

- ಎಳೆಯ ಮೆಂತ್ಯ ಸೊಪ್ಪು: 2 ಕಪ್
- ಸೌತೆಕಾಯಿ: 1
- ಹೆಸರುಬೇಳೆ: ಕಾಲು ಕಪ್, 1 ಗಂಟೆ ನೆನೆಸಿದ್ದು
- ಹುರಿದ ಶೇಂಗಾ ಪುಡಿ: 2 ದೊಡ್ಡ ಚಮಚ
- ನಿಂಬೆರಸ: 2 ಟೀ ಚಮಚ
- ಉಪ್ಪು: ಕಾಲು ಟೀ ಚಮಚ
- ಒಗ್ಗರಣೆಗೆ: ಎಣ್ಣೆ 1 ಟೀ ಚಮಚ, ಸಾಸಿವೆ, ಜೀರಿಗೆ, ಇಂಗು, 1 ಹಸಿಮೆಣಸಿನಕಾಯಿ

ಮಾಡುವ ವಿಧಾನ

1. ಕೈ ಸೋಪಿನಿಂದ ತೊಳೆಯಿರಿ. ಹಲಗೆ, ಚಾಕು ಸ್ವಚ್ಛವಾಗಿರಲಿ. ಮಾಂಸ ಕತ್ತರಿಸಿದ ಹಲಗೆ ಬೇಡ.
2. ಸೊಪ್ಪು ಬಿಡಿಸಿ, ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ. ನೀರು ಬಸಿಯದೆ, ಸೊಪ್ಪನ್ನೇ ಮೇಲೆತ್ತಿ. ಮಣ್ಣು ತಳದಲ್ಲಿ ಉಳಿಯುತ್ತದೆ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ, ಕೊನೆಗೆ ಹರಿಯುವ ಕುಡಿಯುವ ನೀರಿನಲ್ಲಿ ತೊಳೆಯಿರಿ. ಸೋಪು, ಡಿಟರ್ಜೆಂಟ್ ಬಳಸಬೇಡಿ.
3. ಸೊಪ್ಪು, ಸೌತೆಕಾಯಿ ಸಣ್ಣಗೆ ಹೆಚ್ಚಿ, ನೀರು ಬಸಿದ ಬೇಳೆ ಸೇರಿಸಿ.
4. ಶೇಂಗಾ ಪುಡಿ ಹಾಕಿ, ಒಗ್ಗರಣೆ ಕೊಡಿ.
5. ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೆ ಬೆರೆಸಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ರುಚಿ ಸಪ್ಪೆಯಾಗುತ್ತದೆ, ಮತ್ತೆ ಉಪ್ಪು ಬೇಕೆನಿಸುತ್ತದೆ.

ಮಾಡಿದ 2 ಗಂಟೆಯೊಳಗೆ ತಿಂದು ಮುಗಿಸಿ.

ಯಾರು ಎಚ್ಚರ ವಹಿಸಬೇಕು?

*ವಾರ್ಫರಿನ್ ಸೇವಿಸುವವರು:* ಸೊಪ್ಪಿನ ವಿಟಮಿನ್ ಕೆ ಈ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಸೊಪ್ಪು ಪೂರ್ತಿ ಬಿಡಬೇಕಿಲ್ಲ. ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ. ಒಮ್ಮೆಲೇ ಹೆಚ್ಚಿಸುವ ಅಥವಾ ನಿಲ್ಲಿಸುವ ಮೊದಲು ವೈದ್ಯರಿಗೆ ತಿಳಿಸಿ.

*ಮೂತ್ರಪಿಂಡದ ಕಾಯಿಲೆ ಇರುವವರು:* ಸೊಪ್ಪು, ಬೇಳೆ, ಶೇಂಗಾದಲ್ಲಿ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಮಿತಿ ಹೇಳಿದ್ದರೆ ಆಹಾರ ತಜ್ಞರನ್ನು ಕೇಳಿ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ, ವೈದ್ಯರನ್ನು ಕೇಳದೆ ಬಳಸಬೇಡಿ.

*ಕಿಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು:* ರೋಗನಿರೋಧಕ ಶಕ್ತಿ ಕುಂದಿರುವಾಗ ಹಸಿ ಸೊಪ್ಪಿನ ಸೂಕ್ಷ್ಮಾಣುಗಳು ಅಪಾಯ ತರಬಹುದು. ತೊಳೆದರೂ ಅವೆಲ್ಲ ಹೋಗುವುದಿಲ್ಲ. ವೈದ್ಯರು ಒಪ್ಪುವವರೆಗೆ ಸೊಪ್ಪು, ಬೇಳೆ ಎರಡನ್ನೂ ಬೇಯಿಸಿ, ಅದೇ ಒಗ್ಗರಣೆ ಕೊಡಿ.

*ಮಧುಮೇಹಿಗಳು:* ಇದು ಊಟದ ಜೊತೆಗಿರಲಿ, ಊಟಕ್ಕೆ ಬದಲಾಗಿ ಬೇಡ. ಇನ್ಸುಲಿನ್ ತೆಗೆದುಕೊಂಡು ಬರೀ ಪಚಡಿ ತಿಂದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

*ನುಂಗಲು ಕಷ್ಟಪಡುವ ಹಿರಿಯರು:* ಹಸಿ ಸೊಪ್ಪು ಗಂಟಲಲ್ಲಿ ಸಿಕ್ಕಬಹುದು. ಮೆತ್ತಗೆ ಬೇಯಿಸಿ, ಮಸೆದು ಕೊಡಿ. ಶೇಂಗಾ ಅಲರ್ಜಿ ಇದ್ದರೆ ಬದಲಿಗೆ ತೆಂಗಿನತುರಿ ಹಾಕಿ.

ವೈದ್ಯರನ್ನು ಯಾವಾಗ ಕಾಣಬೇಕು?

ತಿಂದ ನಂತರ ಭೇದಿಯ ಜೊತೆ ರಕ್ತ, ತೀವ್ರ ಜ್ವರ, ನಿಲ್ಲದ ವಾಂತಿ ಅಥವಾ ಮೂತ್ರ ಕಡಿಮೆಯಾದರೆ ತಡಮಾಡಬೇಡಿ. ಕಿಮೋಥೆರಪಿಯಲ್ಲಿರುವವರಿಗೆ ಜ್ವರ ಮಾತ್ರ ಬಂದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.