ಪದ ಪರಿಚಯ: ಡನ್

ಸ್ಕಾಟ್ಲೆಂಡಿನ ಭೂಪಟದಲ್ಲಿ ಡಂಡೀ, ಡನ್‌ಬಾರ್, ಡನ್‌ಕೆಲ್ಡ್ ಎಂದು ಅಲ್ಲಲ್ಲಿ ಎದುರಾಗುವ ‘ಡನ್’ ಎಂಬ ಪೂರ್ವಪದವು, ಕೋಟೆಯೆಂಬ ಅರ್ಥವುಳ್ಳ ಪ್ರಾಚೀನ ಕೆಲ್ಟಿಕ್ ಶಬ್ದವೊಂದರ ಸಂತತಿ. ಫ್ರಾನ್ಸಿನ ಲಿಯೋನ್ ನಗರದ ರೋಮನ್ ಕಾಲದ ಹೆಸರಾದ ‘ಲುಗ್ಡುನುಮ್’ ಎಂಬುದರ ಉತ್ತರಾರ್ಧವೂ ಇದೇ. ಇಂಗ್ಲಿಷಿನ ‘ಟೌನ್’, ಬೇಲಿಯೆಂಬರ್ಥದ ಜರ್ಮನ್ ‘ತ್ಸೌನ್’ ಇವೆರಡನ್ನೂ ಭಾಷಾಶಾಸ್ತ್ರಜ್ಞರು ಇದರ ಬಂಧುಗಳೆಂದೇ ಎಣಿಸುವರು. ನಮ್ಮ ‘ದುರ್ಗ’ವು ದಾರಿಯ ಕಷ್ಟವನ್ನು ಹೇಳಿದರೆ ಈ ಬಳಗವು ಆವರಣವನ್ನು ಹೇಳುತ್ತದೆ; ಬೇಲಿಯೊಳಗಣ ನೆಲವೇ ಊರಾದುದರಲ್ಲಿ ಆಶ್ಚರ್ಯವಿಲ್ಲ.

ಪದದ ಅರ್ಥವನ್ನು ಕಣ್ಣಾರೆ ಕಾಣಬಯಸುವವರಿಗೆ, ಆರ್ಗೈಲ್ ಪ್ರಾಂತದ ಜವುಗುಬಯಲಿನ ನಡುವೆ, ಆಡ್ ನದಿಯ ಬಳಿ ತಲೆಯೆತ್ತಿ ನಿಂತಿರುವ ಡನಾಡ್ ಎಂಬ ಬಂಡೆಗುಡ್ಡಕ್ಕಿಂತ ಉತ್ತಮ ನಿದರ್ಶನ ದೊರೆಯದು. ಕಬ್ಬಿಣಯುಗದಲ್ಲಿಯೇ ಕೋಟೆಯಾಗಿದ್ದ ಈ ಗುಡ್ಡವು ಶತಮಾನಗಳ ತರುವಾಯ ದಾಲ್ ರಿಯಾಟ ಎಂಬ ರಾಜ್ಯದ ಅರಸರ ಪ್ರಧಾನ ನೆಲೆಯಾಯಿತು. 683ರ ಮುತ್ತಿಗೆಯೊಂದನ್ನು ಐರ್ಲೆಂಡಿನ ವಾರ್ಷಿಕ ವೃತ್ತಾಂತಗಳು ದಾಖಲಿಸಿವೆ. ಉತ್ಖನನದಲ್ಲಿ, ಉಡುಪಿಗೆ ಚುಚ್ಚಿಕೊಳ್ಳುವ ಆಭರಣಗಳನ್ನು ಎರಕಹೊಯ್ದ ಮಣ್ಣಿನ ಅಚ್ಚುಗಳೂ, ಸಮುದ್ರ ದಾಟಿ ಬಂದ ಮಡಕೆಗಳ ಚೂರುಗಳೂ ದೊರೆತಿವೆ. ಶಿಖರದ ಸಮೀಪದ ಬಂಡೆಯಲ್ಲಿ ಮನುಷ್ಯಪಾದದ ಅಚ್ಚೊಂದನ್ನು ಕೊರೆಯಲಾಗಿದೆ. ಪಟ್ಟವೇರುವ ಅರಸನು ಅದರಲ್ಲಿ ಕಾಲಿರಿಸುತ್ತಿದ್ದನೆಂದು ವಿದ್ವಾಂಸರ ಊಹೆ. ಈಗ ಅಲ್ಲಿ ಪ್ರೇಕ್ಷಕರು ಕಾಣುವುದು, ಮೂಲವನ್ನು ಸವೆತದಿಂದ ಕಾಪಾಡಲೆಂದು ಮೇಲೆ ಹೊದಿಸಿರುವ ಪ್ರತಿಕೃತಿಯನ್ನು ಮಾತ್ರ.