ಕೃಷ್ಣೆಯ ದಡದ ತೇಪೆಗಳು

ಕೃಷ್ಣಾ ತೀರದ ನಮ್ಮ ಹಿರಿಯರಿಗೆ ಹರಿಗೋಲು ರಿಪೇರಿ ಮನೆಗೆಲಸವೇ ಆಗಿತ್ತು. ಬಿದಿರಿನ ಹೆಣಿಗೆ, ಅದರ ಮೇಲೆ ಚರ್ಮ. ಮುಂದೆ ಡಾಂಬರು ಬಳಿದ ತಾಡಪತ್ರಿ. ಸೋರಿದಲ್ಲಿ ಡಾಂಬರು ಕಾಯಿಸಿ ಹಚ್ಚಿದರೆ ಆಯಿತು. ಮಹಾಪೂರ ಬಂದರೆ ಬೆಲ್ಲದ ಕೊಪ್ಪರಿಗೆಯೂ ದೋಣಿಯಾಗಿ ನೀರಿಗಿಳಿಯುತ್ತಿತ್ತು. ಕಬ್ಬಿನ ಸೀಮೆಯ ಈ ಜಾಣತನ ನನಗೆ ಬಹಳ ದೊಡ್ಡದು.

ಫೈಬರ್ ದೋಣಿಯ ಮಾತು ಬೇರೆ. ಗಾಜಿನ ನೂಲು, ರಾಳ ಸೇರಿಸಿ ಅದನ್ನು ಮಾಡುವ ವಿದ್ಯೆ ಅಮೆರಿಕದಲ್ಲಿ 1940ರ ದಶಕದಲ್ಲಿ ಬೆಳೆಯಿತು. ನಮ್ಮಲ್ಲಿ ದೋಣಿಯ ಅಗತ್ಯ ಕಾಣುವುದು ಮಹಾಪೂರದಲ್ಲಿ. 2005 ಮತ್ತು 2019ರಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಗೆ ನೀರು ನುಗ್ಗಿತು. ಕಲ್ಲೋಳ–ಯಡೂರ ನಡುವಿನ ಬಾಂದಾರ ಸೇತುವೆ ಮುಳುಗಿದರೆ ಆ ದಾರಿ ಮುಚ್ಚುತ್ತದೆ. ದೋಣಿ ಗಟ್ಟಿ ಇರಲೇಬೇಕು.

ಫೈಬರ್ ದೋಣಿ ಕಲ್ಲಿಗೆ ತಾಗಿ ಬಿರಿದರೆ ಮೇಲೆ ಬಣ್ಣ ಬಳಿಯುವುದು ವ್ಯರ್ಥ. ಬಿರುಕಿನ ಸುತ್ತ ಉಸುಕಿನ ಕಾಗದದಿಂದ ಇಳಿಜಾರಾಗಿ ಉಜ್ಜಬೇಕು, ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ. ಅಸಿಟೋನ್‌ನಿಂದ ಒರೆಸಿ, ಗಾಜಿನ ಮ್ಯಾಟನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಕತ್ತರಿಸಿ, ಹಾರ್ಡನರ್ ಬೆರೆಸಿದ ರಾಳದಲ್ಲಿ ಅದ್ದಿ ಕೂರಿಸಬೇಕು. ಬಿಳಿ ಮ್ಯಾಟು ಪಾರದರ್ಶಕವಾಗುವವರೆಗೆ ಬ್ರಶ್ಶಿನಿಂದ ಕುಟ್ಟಿ ಗುಳ್ಳೆ ಹೊರಡಿಸಬೇಕು. ಒಳಗೆ ಗಾಳಿ ಉಳಿದರೆ ತೇಪೆ ಎದ್ದು ಬರುತ್ತದೆ. ತೇವದ ಮೇಲೆ ರಾಳ ಹಿಡಿಯುವುದಿಲ್ಲ. ಹಾಗಾಗಿ ಈ ಕೆಲಸವನ್ನೆಲ್ಲ ಮೃಗಶಿರಾ ಮಳೆಗೆ ಮೊದಲೇ, ಬಿಸಿಲಿರುವಾಗಲೇ ಮುಗಿಸಬೇಕು.