ಸೂಪರ್‌ಹೀರೋ ಕನ್ನಡ ಮಾತಾಡೋಕೆ ಯಾಕಿಷ್ಟು ತಡ? ಡಬ್ಬಿಂಗ್ ಬಗ್ಗೆ ಗೊತ್ತಿರಬೇಕಾದ್ದು

'ದಿ ಬಾಯ್ಸ್' ಸೀರೀಸ್‌ನ ಐದನೇ ಮತ್ತು ಕೊನೆಯ ಸೀಸನ್‌ಗೆ ಪ್ರೈಮ್ ವಿಡಿಯೋ 2026ರ ಏಪ್ರಿಲ್ 8 ಎಂದು ದಿನಾಂಕ ಘೋಷಿಸಿದ ಮೇಲೆ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನನ್ನ ಪರಿಚಯದ ಹುಡುಗ-ಹುಡುಗಿಯರ ವಾಟ್ಸಾಪ್ ಸ್ಟೇಟಸ್ ತುಂಬಾ ಅದೇ ಸುದ್ದಿ. ಹೋಮ್‌ಲ್ಯಾಂಡರ್ ಸಾಯ್ತಾನಾ, ಬುಚರ್ ಉಳೀತಾನಾ ಅನ್ನೋ ಜಗಳದ ನಡುವೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಅಣ್ಣಾ, ಅವತ್ತೇ ಕನ್ನಡದಲ್ಲೂ ಬತ್ತದಾ, ಇಲ್ಲ ಆಮೇಲಾ?"

ತಮಿಳು, ತೆಲುಗು ಮಾತಾಡುವ ಅಭಿಮಾನಿಗೆ ಈ ಅನುಮಾನ ಅಷ್ಟಾಗಿ ಕಾಡಲ್ಲ. ನಮಗೆ ಕಾಡುತ್ತದೆ. ಅದರ ಹಿಂದೆ ಅರ್ಧ ಶತಮಾನದ ಅಲಿಖಿತ ನಿಷೇಧ, ಒಂದು ಕಾನೂನು ಹೋರಾಟ, ಒಂದು ಲಾಕ್‌ಡೌನ್ ಎಲ್ಲವೂ ಇವೆ. ಈಗಿನ ತಲೆಮಾರಿನ ಬಹಳಷ್ಟು ಜನಕ್ಕೆ ಈ ಕಥೆ ಪೂರ್ತಿ ಗೊತ್ತಿಲ್ಲ. ಹಾಗಾಗಿ ಒಂದೊಂದಾಗಿ ನೋಡೋಣ.

ಈ ಸೀರೀಸ್‌ಗೆ ಯಾಕಿಷ್ಟು ಕಾಯುವಿಕೆ?

'ದಿ ಬಾಯ್ಸ್' ಶುರುವಾಗಿದ್ದು 2019ರ ಜುಲೈನಲ್ಲಿ. ಗಾರ್ತ್ ಎನಿಸ್ ಮತ್ತು ಡ್ಯಾರಿಕ್ ರಾಬರ್ಟ್‌ಸನ್ ಅವರ ಕಾಮಿಕ್ಸ್ ಇಟ್ಟುಕೊಂಡು ಎರಿಕ್ ಕ್ರಿಪ್ಕಿ ರೂಪಿಸಿದ ಸೀರೀಸ್ ಇದು. ಇಲ್ಲಿ ಸೂಪರ್‌ಹೀರೋಗಳು ಲೋಕೋದ್ಧಾರಕ್ಕೆ ಹುಟ್ಟಿದವರಲ್ಲ. ವಾಟ್ ಅನ್ನುವ ಕಂಪನಿ ಅವರನ್ನು ಇಟ್ಟುಕೊಂಡು ಸಿನಿಮಾ ಮಾಡುತ್ತದೆ, ಜಾಹೀರಾತು ಮಾಡುತ್ತದೆ, ಸರ್ಕಾರದ ಮೇಲೆ ಒತ್ತಡ ತರುತ್ತದೆ. ಅವರಲ್ಲಿ ಅತ್ಯಂತ ಬಲಶಾಲಿ ಹೋಮ್‌ಲ್ಯಾಂಡರ್. ಜನರ ಚಪ್ಪಾಳೆ ಇಲ್ಲದೆ ಅವನಿಗೆ ಉಸಿರಾಡೋಕೆ ಆಗಲ್ಲ.

ಬಂಡವಾಳ, ಮೀಡಿಯಾ, ಅಂಧಾಭಿಮಾನ, ಅಧಿಕಾರ ಒಂದಕ್ಕೊಂದು ಹೇಗೆ ಗಂಟು ಬೀಳುತ್ತವೆ ಅನ್ನೋದು ಕಥೆಯ ತಿರುಳು. ರಾಜಕೀಯದ ಬಗ್ಗೆ ಮಾತಾಡುವ ಹುಡುಗರು ಇದಕ್ಕೆ ಅಂಟಿಕೊಂಡಿರುವುದೂ ಅದಕ್ಕೇ. ಎರಡನೇ ಸೀಸನ್ 2020ರಲ್ಲಿ, ಮೂರನೆಯದು 2022ರಲ್ಲಿ, ನಾಲ್ಕನೆಯದು 2024ರಲ್ಲಿ ಬಂತು. ಈಗ ಕೊನೆಯದು. ಎರಡನೇ ಸೀಸನ್ ಆದ ಮೇಲೆ ಪ್ರತಿ ಸಲವೂ ಸುಮಾರು ಎರಡು ವರ್ಷದ ಕಾಯುವಿಕೆ.

ಕಾಯುವುದರಲ್ಲೂ ಎರಡು ವರ್ಗವಾ?

ಹೌದು. ಇಂಗ್ಲಿಷ್ ಸಲೀಸಾಗಿ ಅರ್ಥವಾಗುವವರು ದಿನಾಂಕಕ್ಕೆ ಮಾತ್ರ ಕಾಯುತ್ತಾರೆ. ಮಿಕ್ಕವರು ಭಾಷೆಗೂ ಕಾಯಬೇಕು. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ, ಸಾಕ್ಷರತೆ ಶೇ. 70ರ ಆಸುಪಾಸು, ನೂರರಲ್ಲಿ 83 ಜನ ಹಳ್ಳಿಗಳಲ್ಲಿ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿಗೆ ಬಂದವರಿಗೆ ಸೀರೀಸ್‌ನ ಕಥೆ ಹಿಡಿಸುತ್ತದೆ, ಆದರೆ ಅಮೆರಿಕನ್ನರ ಬೈಗುಳ, ವ್ಯಂಗ್ಯ, ಟಿವಿ ಚರ್ಚೆಯ ಮಾತು ಕೈಗೆ ಸಿಗುವುದಿಲ್ಲ. ಸಬ್‌ಟೈಟಲ್ ಓದುವಷ್ಟರಲ್ಲಿ ಸೀನ್ ಮುಂದಕ್ಕೆ ಹೋಗಿರುತ್ತದೆ.

ಮಳವಳ್ಳಿಯ ಒಬ್ಬ ಬಿ.ಕಾಂ ಹುಡುಗ ನನಗೆ ಹೇಳಿದ್ದು: "ತೆಲುಗಲ್ಲೇ ನೋಡ್ತೀವಿ ಬುಡಣ್ಣ, ಅರ್ಧಂಬರ್ಧ ಗೊತ್ತಾಯ್ತದೆ." ಈ ಅರ್ಧಂಬರ್ಧದ ವಿಷಯಕ್ಕೆ ಮುಂದೆ ಬರುತ್ತೇನೆ.

ಡಬ್ಬಿಂಗ್ ನಿಷೇಧ ಶುರುವಾಗಿದ್ದು ಹೇಗೆ?

ಮೊದಲು ಕನ್ನಡಕ್ಕೂ ಡಬ್ ಆಗುತ್ತಿತ್ತು. 1957ರ ತೆಲುಗು 'ಮಾಯಾಬಜಾರ್' ಕನ್ನಡದಲ್ಲೂ ಬಂದಿತ್ತು. ಆಗ ಕನ್ನಡ ಚಿತ್ರರಂಗ ಚಿಕ್ಕದು. ಸ್ಟುಡಿಯೋ, ಲ್ಯಾಬ್, ತಂತ್ರಜ್ಞರು ಎಲ್ಲವೂ ಹೆಚ್ಚಾಗಿ ಮದ್ರಾಸಿನಲ್ಲಿ. ಪಕ್ಕದ ಭಾಷೆಯ ದೊಡ್ಡ ಬಜೆಟ್ ಚಿತ್ರವೊಂದು ಕನ್ನಡ ಮಾತು ಹಚ್ಚಿಕೊಂಡು ಥಿಯೇಟರಿಗೆ ಬಂದರೆ ಸಣ್ಣ ಕನ್ನಡ ಚಿತ್ರಕ್ಕೆ ಜಾಗ ಸಿಗುತ್ತಿರಲಿಲ್ಲ. ನಟರಿಗೆ, ಕಾರ್ಮಿಕರಿಗೆ ಕೆಲಸವೂ ಸಿಗುತ್ತಿರಲಿಲ್ಲ.

1960ರ ದಶಕದ ಆರಂಭದಲ್ಲಿ ಅನಕೃ, ಮ. ರಾಮಮೂರ್ತಿ ಮೊದಲಾದವರ ನೇತೃತ್ವದಲ್ಲಿ ಡಬ್ಬಿಂಗ್ ವಿರೋಧಿ ಚಳವಳಿ ನಡೆಯಿತು. ಡಾ. ರಾಜ್‌ಕುಮಾರ್ ಅವರ ಬೆಂಬಲವೂ ಅದಕ್ಕಿತ್ತು. ಆ ಹೊತ್ತಿಗೆ ಅದು ನ್ಯಾಯವಾದ ಹೋರಾಟ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲೇ ಕನ್ನಡ ಚಿತ್ರಕ್ಕೆ ಥಿಯೇಟರ್ ಹುಡುಕಬೇಕಾದ ಸ್ಥಿತಿಯಲ್ಲಿ ಬೇರೆ ದಾರಿ ಕಾಣುವುದು ಕಷ್ಟವಿತ್ತು.

ಅದಕ್ಕೆ ಕಾನೂನು ಇತ್ತಾ?

ಇರಲಿಲ್ಲ. ತುಂಬಾ ಜನ ತಪ್ಪು ತಿಳಿದಿರುವುದು ಇಲ್ಲೇ. ಕನ್ನಡಕ್ಕೆ ಡಬ್ ಮಾಡಬಾರದು ಅನ್ನುವ ಕಾಯ್ದೆಯನ್ನು ವಿಧಾನಸಭೆ ಯಾವತ್ತೂ ಮಾಡಲಿಲ್ಲ. ಇದ್ದದ್ದು ಉದ್ಯಮದ ಒಳಗಿನ ಒಪ್ಪಂದ. ಡಬ್ ಆದ ಚಿತ್ರಕ್ಕೆ ಥಿಯೇಟರ್ ಕೊಡಬಾರದು, ಡಬ್ ಆದ ಕಾರ್ಯಕ್ರಮವನ್ನು ಟಿವಿಯಲ್ಲಿ ಹಾಕಬಾರದು, ಯಾರಾದರೂ ಮುಂದಾದರೆ ಅವರಿಗೆ ಬಹಿಷ್ಕಾರದ ಬಿಸಿ.

ಚಳವಳಿಗೆ ಕಾರಣವಾದ ಪರಿಸ್ಥಿತಿ ಬದಲಾಯಿತು. ಕನ್ನಡ ಚಿತ್ರರಂಗ ಬೆಂಗಳೂರಿಗೆ ಬಂತು, ಬೆಳೆಯಿತು. ಒಪ್ಪಂದ ಮಾತ್ರ ಹಾಗೇ ಉಳಿಯಿತು. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಬಂದ 'ಶಕ್ತಿಮಾನ್' ಅನ್ನು ನಮ್ಮ ಕಡೆಯ ಮಕ್ಕಳು ಹಿಂದಿಯಲ್ಲೇ ನೋಡಿದರು. ಮಕ್ಕಳ ಕಾರ್ಟೂನಿನಲ್ಲಿ ಸಣ್ಣದೊಂದು ಕಿಂಡಿ ತೆರೆದುಕೊಂಡಿತು: 2009ರಲ್ಲಿ ಶುರುವಾದ ಚಿಂಟು ಟಿವಿ ಹೊರಗಿನ ಕಾರ್ಟೂನುಗಳನ್ನು ಕನ್ನಡದಲ್ಲಿ ಕೊಟ್ಟಿತು. ದೊಡ್ಡವರ ಕಾರ್ಯಕ್ರಮಕ್ಕೆ ಬಾಗಿಲು ಮುಚ್ಚಿಯೇ ಇತ್ತು.

ಬಾಗಿಲು ತೆರೆದಿದ್ದು ಯಾರು?

2012ರಲ್ಲಿ ಅಮೀರ್ ಖಾನ್ ಅವರ 'ಸತ್ಯಮೇವ ಜಯತೆ' ಹಿಂದಿಯ ಜೊತೆ ತಮಿಳು, ತೆಲುಗು, ಮಲಯಾಳಂನಂಥ ಭಾಷೆಗಳಲ್ಲೂ ಟಿವಿಗೆ ಬಂತು. ಚಿತ್ರರಂಗದ ವಿರೋಧದಿಂದಾಗಿ ಕನ್ನಡದಲ್ಲಿ ಮಾತ್ರ ಪ್ರಸಾರವಾಗಲಿಲ್ಲ. ಹೆಣ್ಣು ಭ್ರೂಣಹತ್ಯೆಯ ಬಗ್ಗೆ ದೇಶವೇ ಮಾತಾಡಿದ ಕಾರ್ಯಕ್ರಮ ಅದು. ಮಂಡ್ಯ ಜಿಲ್ಲೆಗೆ ಆ ವಿಷಯ ಎಷ್ಟು ಹತ್ತಿರದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ.

ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. ಅವರ ವಾದ ಸರಳ: ಕನ್ನಡಿಗ ಏನು ನೋಡಬೇಕು ಅಂತ ತೀರ್ಮಾನಿಸುವ ಹಕ್ಕು ಉದ್ಯಮದ ಸಂಘಗಳಿಗೆ ಇಲ್ಲ. 2014ರ ಜನವರಿಯಲ್ಲಿ ಡಬ್ಬಿಂಗ್ ವಿರೋಧಿಸಿ ಚಿತ್ರರಂಗ ಬೀದಿಗಿಳಿಯಿತು. 2015ರ ಜುಲೈನಲ್ಲಿ ಆಯೋಗದ ಆದೇಶ ಬಂತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿದ ಆಯೋಗ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಸುಮಾರು 16.8 ಲಕ್ಷ ರೂಪಾಯಿ ದಂಡ ಹಾಕಿತು. ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್‌ಗೂ ದಂಡ ಬಿತ್ತು.

2017ರ ಮಾರ್ಚ್ 3ರಂದು ಅಜಿತ್ ಅವರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಹೆಸರಲ್ಲಿ ಕನ್ನಡ ಮಾತಾಡಿಕೊಂಡು ತೆರೆಗೆ ಬಂತು. ಪ್ರತಿಭಟನೆಯೂ ನಡೆಯಿತು. ಆದರೆ ದಶಕಗಳ ತಡೆ ಮುರಿದಿತ್ತು.

ಹಾಗಾದ್ರೆ ಸೂಪರ್‌ಹೀರೋಗಳು ತಕ್ಷಣ ಬಂದ್ರಾ?

ಇಲ್ಲ. 2019ರ 'ಅವೆಂಜರ್ಸ್: ಎಂಡ್‌ಗೇಮ್' ಭಾರತದಲ್ಲಿ ಬಿಡುಗಡೆಯಾಗಿದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡ ಇರಲಿಲ್ಲ. ಅಡ್ಡಿ ಹೋಗಿದ್ದರೂ ಅಭ್ಯಾಸ ಇರಲಿಲ್ಲ. ಕನ್ನಡದಲ್ಲಿ ಕೇಳುವವರು ಇದ್ದಾರೆ ಅನ್ನೋ ಲೆಕ್ಕ ಕಂಪನಿಗಳ ಪುಸ್ತಕದಲ್ಲಿ ಇರಲಿಲ್ಲ.

ಆ ಲೆಕ್ಕ ಬದಲಾಗತೊಡಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಶೂಟಿಂಗ್ ನಿಂತು ಧಾರಾವಾಹಿಗಳ ಹೊಸ ಕಂತು ಇಲ್ಲವಾದಾಗ ಸ್ಟಾರ್ ಸುವರ್ಣ 'ಮಹಾಭಾರತ'ವನ್ನು ಕನ್ನಡಕ್ಕೆ ಡಬ್ ಮಾಡಿ ಹಾಕಿತು. ಜುಲೈನಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್' ಶುರುವಾಯಿತು. ಅದೂ ಹಿಂದಿಯಿಂದ ಡಬ್ ಆದದ್ದೇ. ಶನಿವಾರ, ಭಾನುವಾರ ಸಂಜೆ ಬರುತ್ತಿತ್ತು.

ಆಮೇಲೆ ಆದದ್ದು ಕನ್ನಡ ಟಿವಿಯ ಚರಿತ್ರೆಯಲ್ಲಿ ಅಪರೂಪ. ಧಾರಾವಾಹಿ ನಿಲ್ಲಿಸಿ ಎಂದು ತಮಗೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದರು. ಉತ್ತರವಾಗಿ ಹಳ್ಳಿಹಳ್ಳಿಗಳಲ್ಲಿ 'ಮಹಾನಾಯಕ' ಫ್ಲೆಕ್ಸ್‌ಗಳು ಎದ್ದವು. ಕೇರಿಯ ಯುವಕರು ಚಂದಾ ಎತ್ತಿ ನಿಲ್ಲಿಸಿದ ಫ್ಲೆಕ್ಸ್‌ಗಳವು. ಶಾಲೆಯಲ್ಲಿ ನೀರು ಮುಟ್ಟಲು ಬಿಡದ ಹುಡುಗನ ಕಥೆಯನ್ನು ಮನೆಯ ಅಜ್ಜಿ, ಮೊಮ್ಮಗಳು ಒಟ್ಟಿಗೆ ಕೂತು, ತಮ್ಮದೇ ಭಾಷೆಯಲ್ಲಿ ಕೇಳಿದರು. ಹಿಂದಿ ಗೊತ್ತಿಲ್ಲ ಅನ್ನೋ ಕಾರಣಕ್ಕೆ ಆ ಕಥೆ ಅವರಿಗೆ ಸಿಗದೆ ಹೋಗಬೇಕಿತ್ತಾ? ಡಬ್ಬಿಂಗ್ ಬೇಡ ಅನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ನಂತರದ ಬದಲಾವಣೆ ವೇಗವಾಗಿ ಆಯಿತು. 2021ರ ಡಿಸೆಂಬರಿನಲ್ಲಿ ಮಲಯಾಳಂನ 'ಮಿನ್ನಲ್ ಮುರಳಿ' ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದಲ್ಲೂ ಬಂತು. ಸಿಡಿಲು ಬಡಿದು ಶಕ್ತಿ ಬಂದ ಹಳ್ಳಿ ಟೈಲರ್ ಅವನು. 2022ರಲ್ಲಿ 'ಡಾಕ್ಟರ್ ಸ್ಟ್ರೇಂಜ್' ಚಿತ್ರದ ಎರಡನೇ ಭಾಗ, ಪ್ರೈಮ್ ವಿಡಿಯೋದ 'ದಿ ರಿಂಗ್ಸ್ ಆಫ್ ಪವರ್', 'ಅವತಾರ್' ಚಿತ್ರದ ಎರಡನೇ ಭಾಗ ಕನ್ನಡದಲ್ಲೂ ಬಂದವು.

ಡಬ್ಬಿಂಗ್ ನಡೆಯೋದು ಹೇಗೆ? ಕನ್ನಡ ಯಾಕೆ ಒಮ್ಮೊಮ್ಮೆ ಬಿಗಿ ಅನ್ಸತ್ತೆ?

ಸಿನಿಮಾ, ಸೀರೀಸ್ ತಯಾರಾಗುವಾಗಲೇ ಮಾತು ಒಂದು ಕಡೆ, ಸಂಗೀತ ಮತ್ತು ಸದ್ದು ಇನ್ನೊಂದು ಕಡೆ ಎಂದು ಬೇರೆಬೇರೆ ಇಡುತ್ತಾರೆ. ಡಬ್ಬಿಂಗ್‌ನಲ್ಲಿ ಮಾತನ್ನು ತೆಗೆದು ಹೊಸ ಮಾತು ಕೂರಿಸುತ್ತಾರೆ. ಸಂಭಾಷಣೆ ಬರೆಯುವವರಿಗೆ ಅರ್ಥ ಒಂದೇ ಸಾಲದು. ತುಟಿ ಮುಚ್ಚುವ ಕಡೆ ಪ, ಬ, ಮ ಬರಬೇಕು. ಇಂಗ್ಲಿಷ್‌ನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಬಂದರೆ ಕನ್ನಡದಲ್ಲಿ ಕೊನೆಗೆ ಬರುತ್ತದೆ. ನಟ ಕಣ್ಣು ಕೆಂಪಗೆ ಮಾಡುವ ಹೊತ್ತಿಗೆ ಸರಿಯಾದ ಪದ ಬೀಳಬೇಕು ಅಂದರೆ ವಾಕ್ಯವನ್ನೇ ಮುರಿದು ಕಟ್ಟಬೇಕು. ಇದಕ್ಕೆ ಸಮಯ ಬೇಕು, ಒಳ್ಳೆ ಬರಹಗಾರರು ಬೇಕು, ಅವರಿಗೆ ಸರಿಯಾದ ಸಂಭಾವನೆ ಬೇಕು.

ದಶಕಗಳ ಕಾಲ ಈ ಕೆಲಸವೇ ಇಲ್ಲದ್ದರಿಂದ ಕನ್ನಡದಲ್ಲಿ ಆ ಕಸುಬು ತಡವಾಗಿ ಕುದುರಿತು. ನಾನು ನೋಡಿದ ಹಲವು ಡಬ್‌ಗಳಲ್ಲಿ ನಾಯಕ ಪುಸ್ತಕದ ಕನ್ನಡ ಮಾತಾಡುತ್ತಾನೆ, ಹಳ್ಳಿ ಕನ್ನಡ ನಗಿಸುವ ಪಾತ್ರಕ್ಕೆ ಮೀಸಲು. ಮಂಡ್ಯದ ಮಾತಲ್ಲಿ ಸೂಪರ್‌ಹೀರೋ ಸಿಟ್ಟು ಮಾಡಿಕೊಳ್ಳಬಾರದು ಅಂತ ಯಾರು ಹೇಳಿದ್ದು? ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಇದೇ ಮಾತಿನ ಗತ್ತಿನಲ್ಲಿ ಇಡೀ ರಾಜ್ಯವನ್ನು ಗೆದ್ದರು.

ವಿರೋಧಿಸುವವರ ಆತಂಕ ಸುಳ್ಳಾ?

ಪೂರ್ತಿ ಸುಳ್ಳಲ್ಲ. ಡಬ್ ಮಾಡುವುದು ಹೊಸದಾಗಿ ನಿರ್ಮಿಸುವುದಕ್ಕಿಂತ ಅಗ್ಗ. ಹಾಗಾಗಿ ಕನ್ನಡಕ್ಕೆ ಡಬ್ ಸಾಕು, ಕನ್ನಡದಲ್ಲೇ ಸೀರೀಸ್ ಮಾಡುವುದು ಬೇಡ ಅಂತ ಕಂಪನಿಗಳು ಕೈ ತೊಳೆದುಕೊಳ್ಳುವ ಅಪಾಯ ಇದೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆಯ 'ಏಕಂ' ಸೀರೀಸ್‌ಗೆ ಒಟಿಟಿಗಳಲ್ಲಿ ಜಾಗ ಸಿಗದೆ, 2024ರ ಜುಲೈನಲ್ಲಿ ತಂಡವೇ ಸ್ವಂತ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಬೇಕಾಯಿತು. ಜೀ5ರಲ್ಲಿ 2025ರಲ್ಲಿ ಬಂದ 'ಅಯ್ಯನ ಮನೆ'ಯಂಥ ಕನ್ನಡದ್ದೇ ಸೀರೀಸ್‌ಗಳು ಇನ್ನೂ ಬೆರಳೆಣಿಕೆಯಷ್ಟು.

ಆದರೆ ಇದಕ್ಕೆ ಮದ್ದು ಡಬ್ಬಿಂಗ್ ತಡೆಯುವುದಲ್ಲ. ತಮಿಳು, ತೆಲುಗು, ಮಲಯಾಳಂಗಳಲ್ಲಿ ಡಬ್ಬಿಂಗೂ ಇದೆ, ಸ್ವಂತ ಸೀರೀಸ್‌ಗಳೂ ಇವೆ. ನಾವು ಡಬ್ಬಿಂಗ್ ತಡೆದ ಕಾಲದಲ್ಲಿ ಕನ್ನಡಿಗರು ಬೇರೆ ಭಾಷೆ ನೋಡುವುದನ್ನೇನೂ ಬಿಡಲಿಲ್ಲ. ಹಿಂದಿಯಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ನೋಡುವುದನ್ನು ಕಲಿತರು. ಕನ್ನಡ ಉಳಿಸಲು ಹಾಕಿದ ಬೇಲಿ ಕನ್ನಡಿಗರನ್ನೇ ಪಕ್ಕದ ಹೊಲಕ್ಕೆ ಕಳಿಸಿತು.

ಈಗ ತೀರ್ಮಾನ ಯಾರ ಕೈಲಿದೆ?

ಮೊದಲು ವಾಣಿಜ್ಯ ಮಂಡಳಿ ತೀರ್ಮಾನಿಸುತ್ತಿತ್ತು, ಈಗ ಒಟಿಟಿ ಕಂಪನಿ ತೀರ್ಮಾನಿಸುತ್ತದೆ. ಯಾವ ಸೀರೀಸ್, ಯಾವ ಸೀಸನ್, ಯಾವ ಭಾಷೆ ಅನ್ನುವುದು ಪ್ರತಿ ಸಲ ಅವರ ವ್ಯಾಪಾರದ ಲೆಕ್ಕ. ಮಳವಳ್ಳಿಯ ನೋಡುಗನನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳಲ್ಲ.

ನಮ್ಮ ಕಡೆ ಅಭಿಮಾನ ಯಾವತ್ತೂ ಬಹಿರಂಗ. ಕಟೌಟು, ಹಾಲಿನ ಅಭಿಷೇಕ, ಟಮಟೆ, ಥಿಯೇಟರ್ ಮುಂದೆ ಅನ್ನದಾನ. ಎಷ್ಟು ಜನ ಅಂತ ಬೀದಿಯಲ್ಲಿ ನಿಂತರೆ ಗೊತ್ತಾಗುತ್ತದೆ. 'ಮಹಾನಾಯಕ'ದ ಫ್ಲೆಕ್ಸ್‌ಗಳಿಂದ ವಾಹಿನಿಗೂ, ಬೆದರಿಸಿದವರಿಗೂ ಅದೇ ಗೊತ್ತಾಗಿದ್ದು. ಆದರೆ ಮೊಬೈಲ್‌ನಲ್ಲಿ, ಇಯರ್‌ಫೋನ್ ಹಾಕಿಕೊಂಡು ನೋಡುವ ಅಭಿಮಾನಿ ಯಾರ ಕಣ್ಣಿಗೂ ಬೀಳಲ್ಲ. ಆ್ಯಪ್‌ಗೆ ಕಾಣುವುದು ನಾವು ಒತ್ತಿದ ಭಾಷೆ ಮಾತ್ರ. ಮಳವಳ್ಳಿಯ ಹುಡುಗ ತೆಲುಗು ಆಡಿಯೋ ಒತ್ತಿದರೆ ಅದು ತೆಲುಗಿನ ಬೇಡಿಕೆಯಾಗಿ ಲೆಕ್ಕಕ್ಕೆ ಹೋಗುತ್ತದೆ. ಟೆಲಿಗ್ರಾಂನಲ್ಲಿ ಇಳಿಸಿಕೊಂಡು ನೋಡಿದರೆ ಯಾವ ಲೆಕ್ಕಕ್ಕೂ ಹೋಗಲ್ಲ.

ನಾವೇನು ಮಾಡಬಹುದು?

ಮೂರು ಕೆಲಸ. ಒಂದು, ಕನ್ನಡ ಆಡಿಯೋ ಇರುವ ಕಡೆ ಅದನ್ನೇ ಆರಿಸಿಕೊಳ್ಳಿ. ಪ್ಲೇ ಮಾಡುವಾಗ ಆಡಿಯೋ ಮತ್ತು ಸಬ್‌ಟೈಟಲ್ ಆಯ್ಕೆಯಲ್ಲಿ ಭಾಷೆಗಳ ಪಟ್ಟಿ ಸಿಗುತ್ತದೆ. ಎರಡು, ಇಲ್ಲದ ಕಡೆ ಆ್ಯಪ್‌ನ ಸಹಾಯ ವಿಭಾಗದಲ್ಲಿ, ಕಂಪನಿಯ ಅಧಿಕೃತ ಖಾತೆಗಳಲ್ಲಿ ಸೀರೀಸ್ ಹೆಸರು ಹಾಕಿ ಕನ್ನಡ ಕೇಳಿ. ಬಿಡುಗಡೆಯಾದ ಮೇಲೆ ಬೈಯುವುದಕ್ಕಿಂತ ದಿನಾಂಕ ಘೋಷಣೆಯಾದ ಕೂಡಲೇ ಕೇಳುವುದು ಒಳ್ಳೆಯದು, ಡಬ್ಬಿಂಗ್ ಕೆಲಸ ನಡೆಯುವುದು ಆ ತಿಂಗಳುಗಳಲ್ಲೇ. ಮೂರು, ಕನ್ನಡದ್ದೇ ಸೀರೀಸ್ ಬಂದಾಗ ದುಡ್ಡು ಕೊಟ್ಟು ನೋಡಿ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೂ ಹೇಳಿ.

ಹೋಮ್‌ಲ್ಯಾಂಡರ್ ಕೊನೆಗೆ ಏನಾಗುತ್ತಾನೆ ಅನ್ನೋದು ಅಮೆರಿಕದ ಬರಹಗಾರರ ಕೈಲಿದೆ. ಅವನ ಸುಳ್ಳುಗಳು ಮಳವಳ್ಳಿಯ ಹುಡುಗನಿಗೆ ಅರ್ಧಂಬರ್ಧ ಅರ್ಥವಾಗಬೇಕಾ, ಪೂರ್ತಿಯಾ ಅನ್ನೋದರಲ್ಲಿ ನಮ್ಮ ಬೆರಳಿನದೂ ಒಂದು ಪಾಲಿದೆ.